ಎರಡನೇ ಅಧ್ಯಾಯವನ್ನೂ ಓದು, ಮಗಳೇ

ಪ್ರೀತಿಯ ಮಗಳೇ,

ಸಲಿಂಗ ಪ್ರೇಮದ ಬಗ್ಗೆ ಸತ್ಯವೇದ ಏನು ಹೇಳುತ್ತದೆ ಅಂತ ಯೌವನಸ್ಥರ ಕೂಟದಲ್ಲಿ ನೀನೇ ಮಾತಾಡಬೇಕು ಅಂದೆಯಲ್ಲ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದು ಬೇಡ ಅಂತ ಬರೆಯುತ್ತಿದ್ದೇನೆ.

ಎಲ್ಲರೂ ದೇವರು ನಾಶಮಾಡಿದ ಸೊದೋಮ್ ಪಟ್ಟಣದ ಕಥೆಯಿಂದಲೇ ಶುರು ಮಾಡುತ್ತಾರೆ. ಆದಿಕಾಂಡ 19ನ್ನು ನಿಧಾನವಾಗಿ ಓದು. ಊರಿನ ಗಂಡಸರು ಲೋಟನ ಮನೆ ಸುತ್ತುವರಿದು, ಅತಿಥಿಗಳನ್ನು ಹೊರಗೆ ಕಳಿಸು ಅಂತ ಬಾಗಿಲು ಒಡೆಯಲು ಬರುತ್ತಾರೆ. ಅದು ಬಲಾತ್ಕಾರ. ಇಬ್ಬರು ಪ್ರೀತಿಸಿ ಒಟ್ಟಿಗೆ ಬಾಳುವ ಮಾತೇ ಅಲ್ಲಿಲ್ಲ. ಯೆಹೆಜ್ಕೇಲ 16:49 ಸೊದೋಮಿನ ಪಾಪ ಏನು ಅಂತ ಹೇಳುತ್ತದೆ: ಗರ್ವ, ಹೊಟ್ಟೆ ತುಂಬಿದ್ದರೂ ಬಡವರ ಕೈ ಹಿಡಿಯದೆ ಇದ್ದದ್ದು. ಮುಂದಿನ ವಚನದಲ್ಲಿ ಅಸಹ್ಯ ಕಾರ್ಯದ ಮಾತೂ ಬರುತ್ತದೆ. ಅದನ್ನು ಬಿಟ್ಟು ಓದಬೇಡ.

ಗಂಡು ಗಂಡಿನೊಡನೆ ಮಲಗಬಾರದು ಅಂತ ಯಾಜಕಕಾಂಡದಲ್ಲಿ ನಿಷೇಧ ಇದೆ. ಅದೇ ಪುಸ್ತಕದಲ್ಲಿ ಹಂದಿ ಮಾಂಸಕ್ಕೂ ಎರಡು ಬಗೆಯ ನೂಲಿನ ಬಟ್ಟೆಗೂ ನಿಷೇಧ ಇದೆ, ಅವನ್ನು ಯಾರು ಪಾಲಿಸುತ್ತಾರೆ ಅಂತ ಕೆಲವರು ಕೇಳುತ್ತಾರೆ. ಅಷ್ಟಕ್ಕೇ ವಾದ ಮುಗಿಯುವುದಿಲ್ಲ. ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲ ಪೌಲನೂ ಇದನ್ನು ಎತ್ತುತ್ತಾನೆ ಅಲ್ವಾ ಅಂತ ಹಿರಿಯರು ಉತ್ತರ ಕೊಡುತ್ತಾರೆ. ಅವರ ಮಾತಿನಲ್ಲಿ ತೂಕ ಇದೆ.

ನಿಜವಾಗಿ ಕಷ್ಟ ಇರುವುದು ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ ಒಂದನೇ ಅಧ್ಯಾಯದಲ್ಲಿ. ಸಲಿಂಗ ಕಾಮ ಸ್ವಭಾವಕ್ಕೆ ವಿರುದ್ಧ ಅನ್ನುತ್ತಾನೆ ಅಲ್ಲಿ. ದೇವರು ಗಂಡು ಹೆಣ್ಣಾಗಿ ಸೃಷ್ಟಿಸಿದ, ಯೇಸುವೂ ಮತ್ತಾಯ 19ರಲ್ಲಿ ಅದನ್ನೇ ನೆನಪಿಸಿದ, ಪೌಲ ಹೇಳುವುದು ಆ ಕ್ರಮವನ್ನು ಮೀರಿದ್ದರ ಬಗ್ಗೆ ಅಂತ ಒಂದು ಕಡೆಯವರು ಓದುತ್ತಾರೆ. ಇನ್ನೊಂದು ಕಡೆಯವರು, ಪೌಲನ ಕಣ್ಣ ಮುಂದಿದ್ದದ್ದು ವಿಗ್ರಹಾರಾಧನೆ ಮತ್ತು ಕಟ್ಟಿಲ್ಲದ ಕಾಮ, ಒಬ್ಬರಿಗೊಬ್ಬರು ನಿಷ್ಠೆಯಿಂದ ಬಾಳುವ ಜೋಡಿಗಳಲ್ಲ ಅನ್ನುತ್ತಾರೆ. ಎರಡೂ ಕಡೆ ಮೊಣಕಾಲೂರಿ ಪ್ರಾರ್ಥಿಸುವವರಿದ್ದಾರೆ. ಯಾರನ್ನೂ ಸತ್ಯವೇದ ಬಿಟ್ಟವರು ಅನ್ನಬೇಡ.

ಆದರೆ ಎರಡನೇ ಅಧ್ಯಾಯವನ್ನೂ ಓದು. ತೀರ್ಪು ಮಾಡುವವನೇ, ನಿನಗೂ ತಪ್ಪಿಸಿಕೊಳ್ಳಲು ದಾರಿ ಇಲ್ಲ ಅಂತ ಪೌಲ ಮೊದಲ ವಚನದಲ್ಲೇ ಓದುವವರ ಕಡೆ ತಿರುಗುತ್ತಾನೆ. ಅಲ್ಲಿಗೆ ಬರುವ ಮೊದಲೇ ಪ್ರಸಂಗ ಮುಗಿಸುವವರೇ ಜಾಸ್ತಿ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಕಾಮವನ್ನು ಅಪರಾಧ ಮಾಡಿದ್ದ 377ನೇ ಸೆಕ್ಷನ್ ವಿಷಯದಲ್ಲಿ ತೀರ್ಪು ಕೊಟ್ಟಿತು. ವಯಸ್ಕರು ಇಷ್ಟಪಟ್ಟು ಕೂಡುವುದು ಅಪರಾಧ ಅಲ್ಲ ಅಂದಿತು. ಆ ಭಾನುವಾರ ಒಂದು ಸಭೆಯಲ್ಲಿ ಸೊದೋಮಿನ ಪ್ರಸಂಗ ಕೇಳಿದೆ. ಗಿಟಾರ್ ನುಡಿಸುತ್ತಿದ್ದ ಹುಡುಗ ನಡುವೆಯೇ ಎದ್ದ. ತಂತಿ ಸದ್ದಾಗದ ಹಾಗೆ ಅಂಗೈಯಿಂದ ಒತ್ತಿ ಹಿಡಿದು, ಗಿಟಾರನ್ನು ಕವರಿಗೆ ಹಾಕಿ, ಜಿಪ್ ಎಳೆದು, ಪಕ್ಕದ ಬಾಗಿಲಿನಿಂದ ಹೋದ. ಮತ್ತೆ ಆ ಸಭೆಗೆ ಬರಲಿಲ್ಲ. ನಿನ್ನ ಕೂಟದಲ್ಲೂ ಅಂಥ ಒಬ್ಬರು ಕೂತಿರಬಹುದು. ಅವರು ಕೇಳಿಸಿಕೊಳ್ಳುತ್ತಿದ್ದಾರೆ ಅಂತಲೇ ತಿಳಿದು ಪ್ರತಿ ಮಾತನ್ನೂ ಆಡು.

ಸಭೆಗಳೂ ಒಂದೇ ದಾರಿಯಲ್ಲಿಲ್ಲ. ಕಥೋಲಿಕರ ಬೋಧನೆ ಸಲಿಂಗ ಸಂಬಂಧವನ್ನು ಒಪ್ಪುವುದಿಲ್ಲ, ಆದರೆ ಆ ಜನರನ್ನು ಗೌರವದಿಂದ ಕಾಣಬೇಕು ಅನ್ನುತ್ತದೆ. ಅಂಥ ಜೋಡಿಗಳಿಗೆ ಮದುವೆಯ ರೂಪ ಇಲ್ಲದ ಆಶೀರ್ವಾದ ಕೊಡಬಹುದು ಅಂತ 2023ರ ಡಿಸೆಂಬರಿನಲ್ಲಿ ವ್ಯಾಟಿಕನ್ ಹೇಳಿತು. ಸಲಿಂಗಿಗಳು ಸಭಾಪಾಲಕರಾಗಬಾರದು ಅನ್ನುವ ನಿಯಮವನ್ನು ಯುನೈಟೆಡ್ ಮೆಥಡಿಸ್ಟ್ ಸಭೆ 2024ರಲ್ಲಿ ತೆಗೆದುಹಾಕಿತು. ಇದೇ ಜಗಳದಲ್ಲಿ ಅಷ್ಟರೊಳಗೆ ಸಾವಿರಾರು ಸ್ಥಳೀಯ ಸಭೆಗಳು ಯುನೈಟೆಡ್ ಮೆಥಡಿಸ್ಟರನ್ನು ಬಿಟ್ಟು ಹೋಗಿದ್ದವು.

ಅಮ್ಮ, ನೀನು ಯಾವ ಕಡೆ ಅಂತ ಕೇಳಿದ್ದೆಯಲ್ಲ. ನನ್ನ ಮನಸ್ಸು ನಿಲ್ಲುವುದು ಅಪೊಸ್ತಲರ ಕೃತ್ಯಗಳು 10ರಲ್ಲಿ. ಸುನ್ನತಿಯಿಲ್ಲದವರು ಹೊರಗಿನವರು ಅಂತಲೇ ಪೇತ್ರ ಕಲಿತಿದ್ದ. ಯೆಹೂದ್ಯನಲ್ಲದ ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಯಲ್ಲಿ ಅಂಥವರ ಮೇಲೆ ಪವಿತ್ರಾತ್ಮ ಇಳಿದದ್ದನ್ನು ಕಂಡ. ದೇವರು ಕೊಟ್ಟಮೇಲೆ ತಡೆಯಲು ನಾನು ಯಾರು ಅಂತ ಮುಂದಿನ ಅಧ್ಯಾಯದಲ್ಲಿ ಅಂದ. ಪೇತ್ರನಿದ್ದ ಆ ಮೊದಲ ಸಭೆಯೇ 15ನೇ ಅಧ್ಯಾಯದಲ್ಲಿ ಅಂಥವರಿಗೆ ಹಾದರ ಬಿಡಿ ಅಂತಲೂ ಬರೆಯಿತು, ಇದನ್ನು ನಿನಗೆ ಯಾರಾದರೂ ಖಂಡಿತ ನೆನಪಿಸುತ್ತಾರೆ. ನೆನಪಿಸಲಿ. ಒಬ್ಬರನ್ನೊಬ್ಬರು ಕೈಬಿಡದೆ, ಕಾಯಿಲೆಯಲ್ಲಿ ನೋಡಿಕೊಂಡು, ಒಟ್ಟಿಗೆ ಪ್ರಾರ್ಥಿಸುವ ಇಬ್ಬರು ಹೆಂಗಸರನ್ನು ನಾನು ಬಲ್ಲೆ. ಅವರ ಬದುಕಿನಲ್ಲಿ ಪ್ರೀತಿ, ತಾಳ್ಮೆಯಂಥ ಪವಿತ್ರಾತ್ಮನ ಫಲ ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ.

ನೀನು ಬೇರೆ ತೀರ್ಮಾನಕ್ಕೆ ಬಂದರೆ ಹಾಗೆಯೇ ಹೇಳು. ಕೂಟ ಮುಗಿದ ಮೇಲೆ ಯಾರಾದರೂ ಒಬ್ಬರೇ ಮಾತಾಡಬೇಕು ಅಂದರೆ ನಮ್ಮ ಮನೆಗೆ ಕರೆದುಕೊಂಡು ಬಾ. ಊಟಕ್ಕೆ ಮೊದಲೇ ಹೇಳಬೇಕಾಗಿಲ್ಲ.

ನಿನ್ನ ಅಮ್ಮ
ಬೆಂಗಳೂರು