ಊರಿನ ಲಿಫ್ಟರ್, ಇಲ್ಲಿನ ಸೆಟ್ಟರ್

ಉಡುಪಿ, ಮಂಗಳೂರು ಕಡೆಯವರಿಗೆ ವಾಲಿಬಾಲ್ ಎಂದರೇನೆಂದು ಹೇಳಬೇಕಾಗಿಲ್ಲ. ಕೊಯ್ಲಾದ ಗದ್ದೆಯಲ್ಲಿ ಸುಣ್ಣದ ಗೆರೆ ಎಳೆದು ಯುವಕ ಮಂಡಲದವರು ನಡೆಸುವ ಹೊನಲು ಬೆಳಕಿನ ಪಂದ್ಯಾಟವನ್ನು ಬೆಳಗಿನ ಜಾವದವರೆಗೆ ಕೂತು ನೋಡಿದವರು ಅಮೆರಿಕದ ನಮ್ಮ ಕೂಟದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಇಲ್ಲಿ ಮಗ ಅಥವಾ ಮಗಳು ಶುಲ್ಕ ಕಟ್ಟಿ ಸೇರುವ ವಾಲಿಬಾಲ್ ಕ್ಲಬ್ ತಂಡಕ್ಕೆ ಹೋದ ಮೊದಲ ವರ್ಷ ಈ ಅನುಭವವೇ ಕಾಲಿಗೆ ತೊಡರುತ್ತದೆ. ಚೆಂಡು ಅದೇ, ಅಂಕಣವೂ ಅದೇ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತಲಿನ ಏರ್ಪಾಡು ಮಾತ್ರ ಪೂರ್ತಿ ಬೇರೆ.

ಮೊದಲು ನಿಯಮದ ಮಾತು ಮುಗಿಸೋಣ. 90ರ ದಶಕದಲ್ಲಿ ಊರು ಬಿಟ್ಟವರ ತಲೆಯಲ್ಲಿ ಸರ್ವಿಸ್ ನಮ್ಮದಾಗಿದ್ದರೆ ಮಾತ್ರ ಪಾಯಿಂಟ್, 15ಕ್ಕೆ ಸೆಟ್ ಎಂಬ ಲೆಕ್ಕ ಇನ್ನೂ ಉಳಿದಿದೆ. ಅಂತಾರಾಷ್ಟ್ರೀಯ ಸಂಸ್ಥೆ 1998ರಲ್ಲಿ ಅದನ್ನು ಬದಲಿಸಿತು. ಈಗ ಪ್ರತಿ ಸರ್ವಿಸ್‌ಗೂ ಯಾರಿಗಾದರೂ ಒಂದು ಪಾಯಿಂಟ್ ಸಿಕ್ಕೇ ಸಿಗುತ್ತದೆ. ಸೆಟ್ 25ಕ್ಕೆ, ಮಕ್ಕಳ ಪಂದ್ಯದ ಮೂರನೆಯ ಸೆಟ್ 15ಕ್ಕೆ, ಅಂತರ ಎರಡು ಇರಲೇಬೇಕು. ನೆಟ್ ತಾಗಿ ಆಚೆ ಬಿದ್ದ ಸರ್ವಿಸ್ ಈಗ ತಪ್ಪಲ್ಲ. ಕಾಲಿನಿಂದ ಚೆಂಡು ಎತ್ತಿದರೂ ತಪ್ಪಲ್ಲ. ಎದುರಾಳಿ ಕಳಿಸಿದ ಚೆಂಡನ್ನು ಮೊದಲು ತಡೆಯುವಾಗ ಒಂದೇ ಪ್ರಯತ್ನದಲ್ಲಿ ಎರಡು ಸಲ ಕೈಗೆ ತಾಗಿದರೂ ಆಟ ಮುಂದುವರಿಯುತ್ತದೆ. ಹಾಗಾಗಿ ಗ್ಯಾಲರಿಯಿಂದ "ಡಬಲ್! ಡಬಲ್!" ಎಂದು ಕೂಗುವ ಅಪ್ಪಂದಿರು ಬಹುಪಾಲು ತಪ್ಪಾಗಿಯೇ ಕೂಗುತ್ತಿರುತ್ತಾರೆ.

ಬೇರೆ ಬಣ್ಣದ ಅಂಗಿ ತೊಟ್ಟ ಮಗು ಲಿಬೆರೊ, ಅಂದರೆ ಚೆಂಡು ತಡೆಯುವುದಕ್ಕೆಂದೇ ಇರುವ ಆಟಗಾರ. ಇದೂ 1998ರ ಹೊತ್ತಿಗೆ ಬಂದದ್ದು. ಹಿಂದಿನ ಸಾಲಿನಲ್ಲಿ ಮಾತ್ರ ಆಟ. ಬ್ಲಾಕ್ ಮಾಡುವಂತಿಲ್ಲ, ನೆಟ್‌ಗಿಂತ ಮೇಲಿರುವ ಚೆಂಡನ್ನು ಹೊಡೆದು ಆಚೆ ಕಳಿಸುವಂತಿಲ್ಲ. 3 ಮೀಟರ್ ಗೆರೆಯ ಮುಂದೆ ನಿಂತು ಬೆರಳಿನಿಂದ ಚೆಂಡು ಎತ್ತಿಕೊಟ್ಟರೆ ಅದನ್ನು ಜೊತೆಯವರು ನೆಟ್‌ಗಿಂತ ಮೇಲಿನಿಂದ ಸ್ಮ್ಯಾಶ್ ಮಾಡುವಂತಿಲ್ಲ. ಒಳ್ಳೆಯ ಸ್ಮ್ಯಾಶ್‌ಗೆ ಅಂಪೈರ್ ಸೀಟಿ ಊದಿದರೆ ಮೊದಲು ನೆನಪಿಗೆ ತಂದುಕೊಳ್ಳಬೇಕಾದ್ದು ಇದನ್ನು. ಅಂತಾರಾಷ್ಟ್ರೀಯ ಆಟದಲ್ಲಿ ಲಿಬೆರೊ ಸರ್ವಿಸ್ ಮಾಡುವುದಿಲ್ಲ, ಇಲ್ಲಿನ ಕ್ಲಬ್ ಆಟದಲ್ಲಿ ಒಂದು ಸರದಿಯಲ್ಲಿ (ಆಟಗಾರರು ಜಾಗ ಬದಲಿಸುತ್ತ ಸುತ್ತುವ ಆರು ಸರದಿಗಳಲ್ಲಿ ಒಂದರಲ್ಲಿ) ಮಾಡಬಹುದು. ಬದಲಿ ಆಟಗಾರರನ್ನು ಇಳಿಸಲು ಅಂತಾರಾಷ್ಟ್ರೀಯ ಆಟದಲ್ಲಿ ಸೆಟ್‌ಗೆ 6 ಅವಕಾಶ, ಇಲ್ಲಿ 12.

ಸ್ಮ್ಯಾಶ್‌ಗೆ ಚೆಂಡು ಎತ್ತಿಕೊಡುವ, ನಾವು ಲಿಫ್ಟರ್ ಅನ್ನುವವರು ಇಲ್ಲಿ ಸೆಟ್ಟರ್. ಒಬ್ಬನೇ ಲಿಫ್ಟರ್ ಆರೂ ಸರದಿಯಲ್ಲಿ ಎತ್ತಿಕೊಟ್ಟರೆ ಅದು ಫೈವ್-ಒನ್. ಇಬ್ಬರಿದ್ದು ಹಿಂದಿನ ಸಾಲಿನಲ್ಲಿರುವವರು ಮಾತ್ರ ಎತ್ತಿಕೊಟ್ಟರೆ ಸಿಕ್ಸ್-ಟೂ. ಮಗಳಿಗೆ ಸ್ಮ್ಯಾಶರ್ ಆಗುವ ಆಸೆ ಇರುತ್ತದೆ, ಅಪ್ಪನಿಗೆ ಇನ್ನೂ ಜಾಸ್ತಿ. ಆದರೆ 12ರ ವಯಸ್ಸಿಗೆ ಜಾಗ ಗಟ್ಟಿ ಮಾಡಬೇಡಿ. ಹುಡುಗಿಯರ ನೆಟ್ 12ರೊಳಗಿನವರಿಗೆ 2.13 ಮೀಟರ್, 13ಕ್ಕೆ ಏರಿದ ಕೂಡಲೇ ದೊಡ್ಡವರ 2.24. ಆ 11 ಸೆಂಟಿಮೀಟರ್ ಒಂದೇ ವರ್ಷದಲ್ಲಿ ಎಷ್ಟೋ ಸ್ಮ್ಯಾಶರ್‌ಗಳನ್ನು ನೆಟ್‌ಗೆ ಹೊಡೆಯುವವರನ್ನಾಗಿ ಮಾಡುತ್ತದೆ. ಕೈಗೆ ಬಂದ ಸರ್ವಿಸನ್ನು ನೆಟ್ಟಗೆ ಲಿಫ್ಟರ್‌ಗೆ ಮುಟ್ಟಿಸಬಲ್ಲ ಮಗುವಿಗೆ ಮಾತ್ರ ಯಾವ ವಯಸ್ಸಿನಲ್ಲೂ ತಂಡ ಸಿಗುತ್ತದೆ.

ಇನ್ನು ಮನೆಯವರು ನಿಜವಾಗಿ ತಡವರಿಸುವ ಜಾಗ, ಆಯ್ಕೆ ಮತ್ತು ಒಪ್ಪಂದ. ಊರಲ್ಲಿ ಪಂದ್ಯಾಟದ ಹಿಂದಿನ ದಿನ ತಂಡ ಕಟ್ಟಿದರೂ ನಡೆಯುತ್ತದೆ. ಇಲ್ಲಿ ಟ್ರೈಔಟ್ ಎಂಬ ಆಯ್ಕೆ ಶಿಬಿರ ನಡೆಯುತ್ತದೆ. ಅದರ ದಿನಾಂಕವನ್ನು ಆಯಾ ಪ್ರಾದೇಶಿಕ ಸಂಸ್ಥೆ ಗೊತ್ತುಪಡಿಸುತ್ತದೆ; ಕೆಲವು ಕಡೆ ಜುಲೈ-ಆಗಸ್ಟ್, ಕೆಲವು ಕಡೆ ಶಾಲೆಯ ಆಟ ಮುಗಿದ ಮೇಲೆ. ವಯಸ್ಸಿನ ಗುಂಪು ಹುಟ್ಟಿದ ದಿನಾಂಕದ ಮೇಲೆ ನಿಲ್ಲುತ್ತದೆ, ತರಗತಿಯ ಮೇಲಲ್ಲ. ಒಂದೇ ತರಗತಿಯ ಇಬ್ಬರು ಗೆಳತಿಯರು ಬೇರೆ ಬೇರೆ ಗುಂಪಿಗೆ ಬೀಳುವುದು ಸಾಮಾನ್ಯ. ಹೆಸರು ಕೊಡುವ ಮೊದಲು ಆ ವರ್ಷದ ಪಟ್ಟಿ ನೋಡಿಕೊಳ್ಳಿ.

ಆಯ್ಕೆಯಾದರೆ ಕರೆ ಬರುತ್ತದೆ, ಉತ್ತರಕ್ಕೆ ಕೊಡುವ ಸಮಯ ಕಡಿಮೆ. ಆ ಗಡಿಬಿಡಿಯಲ್ಲಿ ಸಹಿ ಹಾಕಿ ಮುಂಗಡ ಕಟ್ಟಿದರೆ ಮಗು ಆ ಋತು ಪೂರ್ತಿ ಆ ಕ್ಲಬ್ಬಿಗೆ ಸೇರಿದ ಹಾಗೆ. ನಡುವೆ ಬೇರೆ ಕ್ಲಬ್ಬಿಗೆ ಹೋಗುವುದು ಸುಲಭವಲ್ಲ. ಕಂತಿನಲ್ಲಿ ಕಟ್ಟಲು ಬಿಡುತ್ತಾರೆ, ಆದರೆ ಬಿಟ್ಟು ಹೋದರೂ ಪೂರ್ತಿ ಶುಲ್ಕ ಕೊಡಬೇಕೆಂದು ಬಹಳಷ್ಟು ಒಪ್ಪಂದಗಳಲ್ಲಿ ಬರೆದಿರುತ್ತದೆ. ಆದ್ದರಿಂದ ಸಹಿಗೆ ಮೊದಲು ಕೇಳಿ: ಗಾಯವಾಗಿ ಆಡಲಾಗದಿದ್ದರೆ ಹಣ ವಾಪಸ್ ಉಂಟಾ? ತಂಡದಲ್ಲಿ ಎಷ್ಟು ಮಂದಿ, ಅವರಲ್ಲಿ ಲಿಫ್ಟರ್ ಎಷ್ಟು? ವಾರಕ್ಕೆ ಎಷ್ಟು ದಿನ, ಎಷ್ಟು ಗಂಟೆ ಅಭ್ಯಾಸ? ಇಂಥ ತಂಡಕ್ಕೆ ಇಂಥವರೇ ಕೋಚ್ ಎಂದು ಬರೆದು ಕೊಡುತ್ತಾರಾ? ವಿಮಾನದಲ್ಲಿ ಹೋಗಬೇಕಾದ ಪಂದ್ಯಾಟ ಎಷ್ಟು?

ಶುಲ್ಕದಲ್ಲಿ ಏನೇನು ಸೇರಿದೆ ಎಂಬುದನ್ನೂ ಬರೆಸಿಕೊಳ್ಳಿ. ಸಾಮಾನ್ಯವಾಗಿ ಅಂಕಣದ ಬಾಡಿಗೆ, ಕೋಚ್ ಸಂಬಳ, ಪಂದ್ಯಾಟದ ಪ್ರವೇಶಧನ ಒಳಗೆ. ನಿಮ್ಮ ಪ್ರಯಾಣ, ಊಟ, ಹೋಟೆಲ್ ಹೊರಗೆ. ಸಮವಸ್ತ್ರ ಎರಡರಲ್ಲಿ ಯಾವ ಕಡೆಗೂ ಇರಬಹುದು. ದೊಡ್ಡ ಪಂದ್ಯಾಟಗಳಲ್ಲಿ ಅವರು ಹೇಳಿದ ಹೋಟೆಲಿನಲ್ಲೇ ಕೋಣೆ ಹಿಡಿಯಬೇಕು. ಪರಿಚಯದವರ ಮನೆಯಲ್ಲಿ ಉಳಿಯುತ್ತೇವೆಂದರೆ ಮೊದಲೇ ಅನುಮತಿ ಬೇಕಾಗಬಹುದು. ನೋಡಲು ಬಂದ ಅಪ್ಪ-ಅಮ್ಮ, ಅಜ್ಜ-ಅಜ್ಜಿಗೂ ಬಾಗಿಲಲ್ಲಿ ಟಿಕೆಟ್. ಮೂರು ದಿನದ ಪಂದ್ಯಾಟಕ್ಕೆ ಐದು ಮಂದಿ ಹೋದರೆ ಅದೇ ಒಂದು ಖರ್ಚು.

ಇಷ್ಟು ಕೊಟ್ಟ ಮೇಲೆ "ನನ್ನ ಮಗು ಯಾಕೆ ಬೆಂಚಿನಲ್ಲಿ?" ಎಂಬ ಪ್ರಶ್ನೆ ಏಳುತ್ತದೆ. ಸ್ಪರ್ಧಾತ್ಮಕ ಕ್ಲಬ್ಬಿನಲ್ಲಿ ಶುಲ್ಕ ತರಬೇತಿಗೆ; ಅಂಕಣದಲ್ಲಿ ಇಷ್ಟು ಹೊತ್ತು ಆಡಿಸುತ್ತೇವೆ ಎಂಬ ಮಾತು ಅದರಲ್ಲಿಲ್ಲ. ಇದು ನಮಗೆ ಪೂರ್ತಿ ಸರಿ ಎನಿಸುವುದಿಲ್ಲ, 12ರ ಮಕ್ಕಳ ಮಟ್ಟಿಗಂತೂ ಅಲ್ಲವೇ ಅಲ್ಲ. ಆದರೆ ಒಪ್ಪಂದ ಹಾಗಿದೆ. ದೂರು ಹೇಳಲು ಪಂದ್ಯ ಮುಗಿದು 24 ಗಂಟೆ ಕಾಯಬೇಕೆಂಬ ನಿಯಮ ಹೆಚ್ಚಿನ ಕ್ಲಬ್ಬುಗಳಲ್ಲಿದೆ. ಮೊದಲು ಮಗುವೇ ಕೋಚನ್ನು ಕೇಳಲಿ. "ನನ್ನನ್ನು ಯಾಕೆ ಆಡಿಸಲಿಲ್ಲ" ಎನ್ನುವ ಬದಲು "ಸರ್ವಿಸ್ ತೆಗೆದುಕೊಳ್ಳುವುದರಲ್ಲಿ ನಾನು ಏನು ಸರಿಮಾಡಬೇಕು" ಎಂದು ಕೇಳಿದ ಮಗುವಿಗೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ಕೋಚ್ ಮಗುವಿಗೆ ಸಂದೇಶ ಕಳಿಸುವಾಗ ಅಪ್ಪ-ಅಮ್ಮ ಅಥವಾ ಬೇರೊಬ್ಬ ಹಿರಿಯರು ಅದರಲ್ಲಿರಬೇಕೆಂಬುದು ಇಲ್ಲಿನ ಮಕ್ಕಳ ಸುರಕ್ಷತೆಯ ನಿಯಮ. ಗುಟ್ಟಾಗಿ ಸಂದೇಶ ಬಂದರೆ, ಅದು ಹೊಗಳಿಕೆಯೇ ಇರಲಿ, ಕ್ಲಬ್ಬಿನ ಮುಖ್ಯಸ್ಥರಿಗೆ ತಿಳಿಸಿ.

ಪಂದ್ಯಾಟದ ದಿನದ ಲೆಕ್ಕ ಹೀಗೆ. ಒಂದು ಅಂಕಣಕ್ಕೆ ನಾಲ್ಕು ತಂಡದ ಗುಂಪು. ಎಲ್ಲರೂ ಎಲ್ಲರೊಡನೆ ಆಡಿದರೆ ಆರು ಪಂದ್ಯ, ನಿಮಗೆ ಮೂರು. ಪಂದ್ಯಕ್ಕೆ ಒಂದು ಗಂಟೆ ಎಂದರೂ ಆರು ಗಂಟೆಯ ಕೆಲಸ. ಬೆಳಗಿನ ಪಾಳಿಯಾದರೆ ಎಂಟಕ್ಕೇ ಮೊದಲ ಸೀಟಿ, ಮಧ್ಯಾಹ್ನದ ಪಾಳಿಯಾದರೆ ಮನೆ ಸೇರುವಾಗ ರಾತ್ರಿ. ಗೆಲುವು ಸಮವಾದರೆ ಸೆಟ್ ಲೆಕ್ಕ, ಅದೂ ಸಮವಾದರೆ ಪಾಯಿಂಟ್ ಲೆಕ್ಕ ನೋಡುವುದು ರೂಢಿ. ಹಾಗಾಗಿ 24-12ರಲ್ಲಿ ಸೋಲುತ್ತಿರುವ ಸೆಟ್‌ನಲ್ಲೂ ಕೋಚ್ ಬೆವರು ಹರಿಸುತ್ತಾನೆ.

ಊರಿನ ಪಂದ್ಯಾಟದಲ್ಲಿ ಇಲ್ಲದ ಒಂದು ಕೆಲಸ ಇಲ್ಲುಂಟು: ತಮ್ಮ ಪಂದ್ಯವಿಲ್ಲದಾಗ ಮಕ್ಕಳೇ ಬೇರೆಯವರ ಪಂದ್ಯಕ್ಕೆ ಅಂಕ ಬರೆಯಬೇಕು, ಗೆರೆ ಕಾಯಬೇಕು, ಲಿಬೆರೊ ಒಳಗೆ ಹೊರಗೆ ಹೋದದ್ದನ್ನು ಗುರುತು ಹಾಕಬೇಕು. ಇದನ್ನು ಕಲಿಸುವ ಆನ್‌ಲೈನ್ ಪಾಠವನ್ನು ಋತುವಿನ ಮೊದಲೇ ಮುಗಿಸಿರಬೇಕು. ತಡವಾಗಿ ಬಂದರೆ ಇಡೀ ತಂಡಕ್ಕೆ ದಂಡ. ಕೊನೆಯ ಪಂದ್ಯ ಸೋತೆವು ಎಂದು ಮಗುವನ್ನು ಕಾರಿಗೆ ಹತ್ತಿಸಿಬಿಡುವುದು ಹೊಸಬರು ಮಾಡುವ ಮಾಮೂಲಿ ತಪ್ಪು, ಯಾಕೆಂದರೆ ಸೋತ ತಂಡಕ್ಕೇ ಮುಂದಿನ ಪಂದ್ಯದ ಅಂಪೈರ್ ಕೆಲಸ ಬಿದ್ದಿರುತ್ತದೆ.

ದೊಡ್ಡ ಸಭಾಂಗಣಗಳಲ್ಲಿ ಹೊರಗಿನ ಊಟ ಬಿಡುವುದಿಲ್ಲ, ಒಳಗೆ ಸಿಗುವುದು ಪಿಜ್ಜಾ. ಐಸ್ ಇಟ್ಟ ಡಬ್ಬಿಯಲ್ಲಿ ಮೊಸರನ್ನ, ಇಡ್ಲಿ, ಬಾಳೆಹಣ್ಣು ಕಾರಿನಲ್ಲಿರಲಿ. ಎರಡು ಪಂದ್ಯದ ನಡುವೆ ಒಂದು ಗಂಟೆ ಮಾತ್ರ ಇದ್ದರೆ ಎರಡು ಇಡ್ಲಿ ಸಾಕು. ಗೋಳಿಬಜೆ ಕೊನೆಯ ಸೀಟಿಯ ನಂತರ. ಉಪ್ಪು ಸೇರಿಸಿದ ಲಿಂಬೆ ಶರಬತ್ತು ಬಣ್ಣದ ಬಾಟಲಿಗಿಂತ ಅಗ್ಗ, ಕೆಲಸ ಒಂದೇ.

ದೇಹದ ವಿಷಯದಲ್ಲಿ ಎರಡು ಕಡೆ ಕಣ್ಣಿಡಿ. ನೆಟ್ ಹತ್ತಿರ ಹಾರಿ ಇಳಿಯುವಾಗ ಇನ್ನೊಬ್ಬರ ಪಾದದ ಮೇಲೆ ಕಾಲಿಟ್ಟು ಪಾದದ ಗಂಟು ಉಳುಕುವುದು ಈ ಆಟದಲ್ಲಿ ತೀರಾ ಸಾಮಾನ್ಯ. ಮೊಣಕಾಲ ಚಿಪ್ಪಿನ ಕೆಳಗೆ ಮುಟ್ಟಿದರೆ ನೋಯುವ ಗಂಟು ಕಂಡರೆ ಅದು ಬೆಳೆಯುವ ಮೂಳೆಯನ್ನು ಸ್ನಾಯುರಜ್ಜು ಎಳೆದದ್ದಿರಬಹುದು. ಎಣ್ಣೆ ತಿಕ್ಕಿ ಮತ್ತೆ ಹಾರಿಸಬೇಡಿ, ವೈದ್ಯರಿಗೆ ತೋರಿಸಿ. ವಾರಕ್ಕೆ ಒಂದೆರಡು ದಿನ ಮತ್ತು ವರ್ಷದಲ್ಲಿ ಒಂದೊಂದು ತಿಂಗಳಂತೆ ಒಟ್ಟು ಮೂರು ತಿಂಗಳು ಆ ಒಂದು ಆಟದಿಂದ ಬಿಡುವು ಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಕಾಲೇಜು ತಂಡ ಸೇರುವ ಯೋಚನೆಯಲ್ಲಿ, ಅಲ್ಲಿನ ಕೋಚ್‌ಗಳಿಗೆ ತೋರಿಸಲು 12ರ ಮಗುವಿನ ಆಟದ ವಿಡಿಯೊ ಮಾಡಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮೊದಲ ದರ್ಜೆಯ (ಡಿವಿಷನ್ ಒನ್) ಕಾಲೇಜು ತಂಡಗಳ ಕೋಚ್‌ಗಳು ನೇರ ಮಾತಾಡಬಹುದಾದದ್ದೇ 10ನೆಯ ತರಗತಿ ಮುಗಿದ ಜೂನ್ 15ರಿಂದ.

ಊರಿಗೆ ಹೋಗುವ ಟಿಕೆಟ್ ಕೊನೆಗೆ ಉಳಿಯಿತು. ಋತು ನವೆಂಬರ್ ಸುಮಾರಿಗೆ ಶುರುವಾಗಿ ಮೇ ತನಕ, ರಾಷ್ಟ್ರಮಟ್ಟದ ಪಂದ್ಯಾಟಕ್ಕೆ ಹೋದರೆ ಜುಲೈ ಮೊದಲ ವಾರದ ತನಕ. ಡಿಸೆಂಬರಿನಲ್ಲಿ ಮೂರು ವಾರ ಮದುವೆ, ಕೋಲ ಎಂದು ಹೋದರೆ ತಂಡ ಸರದಿಯ ಜಾಗ ಕಲಿಯುವ ಹೊತ್ತನ್ನೇ ಕಳೆದುಕೊಂಡ ಹಾಗೆ. ಹೋಗಲೇಬೇಕಾದರೆ ಸಹಿ ಹಾಕುವಾಗಲೇ ಕೋಚ್‌ಗೆ ಹೇಳಿಬಿಡಿ. ಟ್ರೈಔಟ್ ತಡವಾಗಿ ನಡೆಯುವ ಪ್ರದೇಶದವರಿಗೆ ಜುಲೈ ಕೊನೆ, ಆಗಸ್ಟ್ ಒಳ್ಳೆಯದು. ಅದು ತುಳುನಾಡಿನ ಮಳೆಗಾಲದ ಆಟಿ ತಿಂಗಳು, ಕೆಸರುಗದ್ದೆಯ ಕ್ರೀಡಾಕೂಟಗಳಲ್ಲಿ ವಾಲಿಬಾಲೂ ಇರುತ್ತದೆ. ಮಗು ಬರಿಗಾಲಲ್ಲೇ ಇಳಿಯಲಿ. ಕ್ಲಬ್ಬಿನ ಶೂ ಪೆಟ್ಟಿಗೆಯಿಂದ ಹೊರಗೆ ಬಾರದಿರಲಿ: ಅದರ ರಬ್ಬರ್ ಅಡಿಯ ಗೀರುಗಳಲ್ಲಿ ಒಮ್ಮೆ ಕೆಸರು ಕೂತರೆ, ಇಲ್ಲಿನ ಮರದ ನೆಲದಲ್ಲಿ ಮೊದಲ ಹೆಜ್ಜೆಗೇ ಜಾರುತ್ತದೆ.