ಮೂರು ಹೊಂಡಗಳ ಬಳಿ ಇನ್ನಷ್ಟು ಹೊತ್ತು ನಿಲ್ಲು

ಪ್ರೀತಿಯ ತಂಗೀ,

ಬ್ರಿಟನ್ ಚೀನಾದ ಮೇಲೆ ಹೂಡಿದ ಅಫೀಮು ಯುದ್ಧದ ಮೇಲಿನ ನಿನ್ನ ಕಾದಂಬರಿಯ ಹಸ್ತಪ್ರತಿಯನ್ನು ಎರಡು ರಾತ್ರಿ ಕೂತು ಓದಿದೆ. ಮೊದಲ ಅಧ್ಯಾಯದಲ್ಲೇ ಬ್ರಿಟಿಷರು ಹಲ್ಲು ಕಡಿಯುತ್ತಾರೆ, ಚೀನೀಯರು ಕಣ್ಣೀರಿಡುತ್ತಾರೆ. ಕೊನೆಯ ಅಧ್ಯಾಯದಲ್ಲೂ ಅದೇ. ಅಷ್ಟಕ್ಕೆ ಇನ್ನೂರು ಪುಟ ಬೇಕಿರಲಿಲ್ಲ. ಕೋಪಿಸಿಕೊಳ್ಳಬೇಡ, ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಅಫೀಮಿನ ಕಳ್ಳಸಾಗಣೆ ತಡೆಯಲು ಚೀನಾದ ಚಕ್ರವರ್ತಿ ಕಳಿಸಿದ ಅಧಿಕಾರಿ ಲಿನ್ ಝೆಶು, 1839ರಲ್ಲಿ ವರ್ತಕರಿಂದ ಕಿತ್ತುಕೊಂಡ ಅಫೀಮನ್ನು 'ಬೆಂಕಿಗೆ ಆಹುತಿ ಕೊಟ್ಟ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಅವನು ಸುಡಲಿಲ್ಲ. ಸುಟ್ಟರೆ ಕರಗಿ ನೆಲಕ್ಕಿಳಿದದ್ದನ್ನು ಜನ ಮಣ್ಣು ಸಮೇತ ಬಗೆದು ತೆಗೆಯುತ್ತಿದ್ದರು. ಹಾಗಾಗಿ ಕ್ಯಾಂಟನ್ ಬಂದರಿನ ಹತ್ತಿರದ ಹುಮೆನ್‌ನ ದಂಡೆಯಲ್ಲಿ ಮೂರು ಹೊಂಡ ತೋಡಿಸಿ, ನೀರು ತುಂಬಿಸಿ, ಉಪ್ಪು ಸುರಿಸಿದ. ಆಳುಗಳು ಅಡ್ಡ ಹಾಸಿದ ಹಲಗೆಗಳ ಮೇಲೆ ನಿಂತು ಅಫೀಮಿನ ಉಂಡೆಗಳನ್ನು ಒಡೆದು ಹಾಕಿದರು. ಮೇಲೆ ಸುಣ್ಣ ಬಿದ್ದು ನೀರು ಕೊತಕೊತ ಕುದಿಯಿತು. ಕಲಕಿ ಕಲಕಿ, ಇಳಿತದ ಹೊತ್ತಿಗೆ ತೂಬು ತೆಗೆದು ರಾಡಿಯನ್ನು ಕಡಲಿಗೆ ಬಿಟ್ಟರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆ, ಮೂರು ವಾರಕ್ಕೂ ಮಿಕ್ಕಿದ ಕೆಲಸ. ಇದಕ್ಕೆ ಮುಂಚೆ ಲಿನ್ ಸಮುದ್ರದೇವತೆಗೆ ಪೂಜೆ ಸಲ್ಲಿಸಿ, ಜಲಚರಗಳನ್ನು ಸ್ವಲ್ಪ ಕಾಲ ದೂರ ಇಟ್ಟಿರು ಎಂದು ಬೇಡಿಕೊಂಡಿದ್ದ. ನಿನ್ನ ಲಿನ್ ಬರೀ ಭಾಷಣ ಮಾಡುತ್ತಾನೆ. ಮೀನುಗಳ ಚಿಂತೆ ಮಾಡಿದ ಈ ಅಧಿಕಾರಿಯನ್ನು ಎಲ್ಲಿ ಬಿಟ್ಟು ಬಂದೆ?

ಇನ್ನು ನಿನ್ನ ಖಳರು. ಈಸ್ಟ್ ಇಂಡಿಯಾ ಕಂಪನಿ ಹಲ್ಲು ಕಡಿಯಲಿಲ್ಲ, ಲೆಕ್ಕ ಬರೆಯಿತು. ಬಿಹಾರ, ಬನಾರಸ್ ಸೀಮೆಯ ರೈತರಿಗೆ ಮುಂಗಡ ಕೊಟ್ಟು ಗಸಗಸೆ ಬೆಳೆಸಿ, ಅಫೀಮನ್ನು ಕಲ್ಕತ್ತೆಯಲ್ಲಿ ಹರಾಜು ಹಾಕಿತು. ಚೀನಾಕ್ಕೆ ಸಾಗಿಸಿದವರು ಖಾಸಗಿ ವರ್ತಕರು, ಕಂಪನಿಯ ಹಡಗುಗಳಲ್ಲ. ಆ ವರ್ತಕರು ಕಳ್ಳಮಾಲು ಮಾರಿ ಬಂದ ಬೆಳ್ಳಿಯನ್ನು ಕ್ಯಾಂಟನ್‌ನಲ್ಲಿದ್ದ ಕಂಪನಿಯ ಖಜಾನೆಗೆ ಕಟ್ಟಿ ಲಂಡನ್ನಿನ ಹುಂಡಿ ಪಡೆದರು, ಕಂಪನಿ ಅದೇ ಬೆಳ್ಳಿಯಲ್ಲಿ ಚಹಾ ಕೊಂಡಿತು. ಎಷ್ಟು ಮಡಿವಂತಿಕೆ ನೋಡು! ಕಂಪನಿಯ ಚಹಾ ಏಕಸ್ವಾಮ್ಯ 1834ರಲ್ಲಿ ಹೋದ ಮೇಲೂ ಹರಾಜು ನಿಲ್ಲಲಿಲ್ಲ. ಲಿನ್‌ಗೆ ಅಫೀಮು ಒಪ್ಪಿಸುವಾಗ ಅಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿ ಚಾರ್ಲ್ಸ್ ಎಲಿಯಟ್ ವರ್ತಕರಿಗೆ ಬರೆದುಕೊಟ್ಟ ಮಾತನ್ನೂ ನೀನು ಬಿಟ್ಟಿದ್ದೀಯ: ನಷ್ಟಕ್ಕೆ ಬ್ರಿಟಿಷ್ ಸರ್ಕಾರ ಹೊಣೆ ಎಂದ. ಕಳ್ಳಸಾಗಣೆಯ ಸರಕು ರಾತ್ರಿ ಬೆಳಗಾಗುವುದರೊಳಗೆ ರಾಣಿಯ ಸೊತ್ತಾಯಿತು. ಆ ಕಾಗದದ ಸುತ್ತಲೇ ಒಂದು ಅಧ್ಯಾಯ ನಿಲ್ಲುತ್ತದೆ. 1840ರಲ್ಲಿ ಯುದ್ಧದ ನೀತಿಯನ್ನು ಖಂಡಿಸುವ ನಿರ್ಣಯ ಲಂಡನ್ನಿನ ಕಾಮನ್ಸ್ ಸಭೆಯಲ್ಲಿ ಸೋತದ್ದು ಬರೀ ಒಂಬತ್ತು ಮತಗಳಿಂದ, 262ಕ್ಕೆ 271. ಎಲ್ಲ ಇಂಗ್ಲಿಷರನ್ನೂ ಒಂದೇ ಬಾಯಲ್ಲಿ ಮಾತಾಡಿಸಬೇಡ.

ನನಗೆ ಹೆಚ್ಚು ಬೇಸರ ತಂದದ್ದು ಬೇರೆ. ಇಡೀ ಕಾದಂಬರಿಯಲ್ಲಿ ಒಬ್ಬ ಭಾರತೀಯನೂ ಇಲ್ಲ. ಯುದ್ಧ ಮುಗಿಸಿದ 1842ರ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದ ಕಾರ್ನ್‌ವಾಲಿಸ್ ಹಡಗು ಬೊಂಬಾಯಿಯಲ್ಲಿ ತೇಗದಿಂದ ಕಟ್ಟಿದ್ದು. 1841ರ ಮೇ ಕೊನೆಯಲ್ಲಿ ಕ್ಯಾಂಟನ್ನಿನ ಹೊರಗೆ, ಸನ್‌ಯುವಾನ್‌ಲಿಯ ಗದ್ದೆಗಳಲ್ಲಿ, ಮದ್ರಾಸ್ ಸೈನ್ಯದ 37ನೇ ರೆಜಿಮೆಂಟಿನ ಒಂದು ಸಿಪಾಯಿ ತುಕಡಿ ಮಳೆಗೆ ಸಿಕ್ಕಿ ದಾರಿ ತಪ್ಪಿತು. ಮದ್ದು ತೊಯ್ದು ಕೋವಿ ಸಿಡಿಯಲಿಲ್ಲ. ಈಟಿ, ಕತ್ತಿ ಹಿಡಿದ ಹಳ್ಳಿಗರು ಸುತ್ತುವರಿದರು. ಯಾರದೋ ಅಫೀಮಿಗಾಗಿ, ಯಾರದೋ ಗದ್ದೆಯ ಕೆಸರಿನಲ್ಲಿ, ಹಾರದ ಕೋವಿ ಹಿಡಿದು ನಿಂತವನು ಆಗ ಏನು ಯೋಚಿಸಿದ? ದಾಖಲೆಯಲ್ಲಿ ಉತ್ತರ ಹುಡುಕಬೇಡ. ಅದು ನಿನ್ನ ಕೆಲಸ.

ಆ ಮಳೆಯ ಸಂಜೆಯನ್ನು ಮೊದಲು ಬರೆದು ಕಳಿಸು, ಉಳಿದದ್ದನ್ನು ಆಮೇಲೆ ನೋಡೋಣ. ಹಸ್ತಪ್ರತಿಯನ್ನು ಅಂಚೆಗೆ ಹಾಕಿದ್ದೇನೆ. 43ನೇ ಪುಟದ ಮೇಲಿನ ಚಹಾದ ಕಲೆ ನನ್ನದೇ, ಕ್ಷಮಿಸು.

ನಿನ್ನ
ಅಕ್ಕ