ದನಕ್ಕೆ ದಾರಿ ಇದೆ, ನನಗಿಲ್ಲ

ಮಾನ್ಯ ಸಂಪಾದಕರೇ,

ನನಗೆ 54 ವರ್ಷ. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತು. ಕಾಲಿಗೆ ಆಸರೆ ಕೊಡುವ ಪಟ್ಟಿ, ಅಂದರೆ ಕ್ಯಾಲಿಪರ್ ಹಾಕಿ, ಕೋಲು ಹಿಡಿದು ನಡೆಯುತ್ತೇನೆ. ಮನೆಯಲ್ಲೇ ಬ್ಲೌಸ್ ಹೊಲಿದು ಜೀವನ. ಹೋದ ವರ್ಷ ಶುಗರ್ ಕಾಣಿಸಿಕೊಂಡಿತು. ಡಾಕ್ಟರು ಚೀಟಿ ಬರೆಯುತ್ತಾ, ತಲೆ ಎತ್ತದೆ, ‘ದಿನಾ ಮುಕ್ಕಾಲು ಗಂಟೆ ವಾಕಿಂಗ್ ಮಾಡಿ, ಮಂಡಕ್ಕಿ-ಮೆಣಸಿನಕಾಯಿ ಬಿಡಿ’ ಎಂದರು. ನಮ್ಮ ದಾವಣಗೆರೆ ಕಡೆಯವರಿಗೆ ಎರಡನೆಯದೇ ಜಾಸ್ತಿ ಕಷ್ಟ. ನನಗೆ ಮೊದಲನೆಯದು. ನಾನು ಏಳುವಾಗ ಅವರ ಕಣ್ಣಿಗೆ ಕೋಲು ಬಿತ್ತು. ‘ಹೋಗ್ಲಿ, ಕೈಲಾದಷ್ಟು ಮಾಡಿ’ ಎಂದರು. ಕೈಲಾದಷ್ಟು ಅಂದರೆ ಎಷ್ಟು ಎಂದು ಕೇಳುವಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು.

ಮಾರನೇ ದಿನ ಬಡಾವಣೆಯ ಪಾರ್ಕಿಗೆ ಹೋದೆ. ದನ, ಬೈಕು ನುಗ್ಗಬಾರದೆಂದು ಬಾಗಿಲಿಗೆ ಸುತ್ತುವ ಕಬ್ಬಿಣದ ಗೇಟು ಹಾಕಿದ್ದಾರೆ. ದನಗಳು ಹಿಂದಿನ ಮುರಿದ ಬೇಲಿಯಿಂದ ಆರಾಮಾಗಿ ಹೋಗುತ್ತವೆ. ಹೊರಗೆ ನಿಂತವಳು ನಾನು. ಮಂಡಿ ಮಡಚದ ಕ್ಯಾಲಿಪರ್ ಹಾಕಿಕೊಂಡು ಆ ಗೇಟಿನಲ್ಲಿ ತಿರುಗಲು ಆಗುವುದಿಲ್ಲ. ಪಕ್ಕದಲ್ಲೇ ದೊಡ್ಡ ಗೇಟಿದೆ, ಅದಕ್ಕೆ ಬೀಗ. ಬೀಗದ ಕೈ ಇರುವವರು ಬರುವುದು ಒಂಬತ್ತಕ್ಕೆ. ಆ ಹೊತ್ತಿಗೆ ನಮ್ಮೂರಿನ ಬಿಸಿಲು ಗೊತ್ತಲ್ಲ, ಜೊತೆಗೆ ನನ್ನ ಗಿರಾಕಿಗಳೂ ಬಂದಿರುತ್ತಾರೆ. ಒಂದು ದಿನ ಕಾದು ಒಳಗೆ ಹೋದೆ. ವ್ಯಾಯಾಮದ ಸಾಮಾನುಗಳೆಲ್ಲ ಎರಡು ಕಾಲಿನ ಮೇಲೆ ನಿಂತು ಮಾಡುವವರಿಗೇ. ಕೂರಲು ಬೆಂಚು ಹುಡುಕಿದರೆ ಪಾರ್ಕಿನ ಆ ತುದಿಯಲ್ಲಿ ಒಂದು.

2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಸುದ್ದಿಯಾಗಿತ್ತು. ಭಾರತದ ವಯಸ್ಕ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲವಂತೆ. ಸೋಮಾರಿಗಳು ಎಂದುಬಿಡುವುದು ಸುಲಭ, ಅಲ್ವಾ? ಆ 57ರಲ್ಲಿ ಎಷ್ಟು ಜನ ಗೇಟಿನ ಹೊರಗೆ ನಿಂತವರೋ!

ನನ್ನದೇ ಒಂದು ಕಥೆ ಕೇಳಿ. ಮೊದಲು ಬಲಗಾಲಿನಿಂದ ಮೆಷಿನ್ ತುಳಿಯುತ್ತಿದ್ದೆ. ಕಾಲು ನೋವೆಂದು ಮೋಟಾರ್ ಹಾಕಿಸಿದೆ. ಕೈಯಿಂದ ಪೆಡಲ್ ತಿರುಗಿಸುವ ಮೂರು ಗಾಲಿ ಸೈಕಲ್ ಇತ್ತು. ಆಮೇಲೆ ಪಕ್ಕದ ಚಕ್ರದ ಸ್ಕೂಟರ್ ಬಂತು. ಮೋಟಾರ್, ಸ್ಕೂಟರ್ ಎರಡೂ ನನಗೆ ದೊಡ್ಡ ಉಪಕಾರವೇ, ವಾಪಸ್ ಕೊಡು ಅಂದರೆ ಖಂಡಿತ ಕೊಡುವುದಿಲ್ಲ. ಆದರೆ ಕೈಕಾಲಿಗೆ ಇದ್ದ ಕೆಲಸ ಹೋಯಿತು. ಅದರ ಜಾಗಕ್ಕೆ ಏನು ಎಂದು ಯಾರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ಕೊನೆಗೆ ದಾರಿ ತೋರಿಸಿದವರು ಸರ್ಕಾರಿ ಆಸ್ಪತ್ರೆಯ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ. ಪೋಲಿಯೊ ಬಂದ ಕಾಲನ್ನು ಸುಸ್ತಾಗುವ ತನಕ ದುಡಿಸಬಾರದು ಎಂದು ನನಗೆ ಮೊದಲ ಸಲ ಹೇಳಿದವಳು ಅವಳೇ. ಅತಿಯಾಗಿ ದಣಿಸಿದರೆ ಇರುವ ಶಕ್ತಿಯೂ ಕುಗ್ಗಬಹುದಂತೆ. ಎಷ್ಟೋ ವರ್ಷಗಳ ಹಿಂದಿನ ಪೋಲಿಯೊ ನಡುವಯಸ್ಸಿನಲ್ಲಿ ಮತ್ತೆ ಸುಸ್ತು, ನೋವಾಗಿ ಕಾಡುವುದುಂಟಂತೆ. ನಾನೋ, ಹಟ ಹಿಡಿದು ಅಂಗಳದಲ್ಲಿ ನಡೆದು ನಡೆದು ಮೂರು ದಿನ ಹಾಸಿಗೆ ಹಿಡಿದಿದ್ದೆ! ಭಾರತ ಪೋಲಿಯೊ ಮುಕ್ತ ಎಂದು 2014ರಲ್ಲಿ ಘೋಷಣೆ ಆಯಿತು. ಸಂತೋಷ. ಆದರೆ ಅದಕ್ಕೂ ಮೊದಲು ಪೋಲಿಯೊ ಬಂದವರು ಈಗ ನನ್ನ ವಯಸ್ಸಿಗೆ ಬರುತ್ತಿದ್ದಾರೆ. ಶುಗರ್, ಬಿಪಿ ನಮಗೂ ಬರುತ್ತದೆ.

ಅವಳು ಕುರ್ಚಿಯಲ್ಲೇ ಕೂತು ಮಾಡುವುದನ್ನು ಕಲಿಸಿದಳು. ಅರ್ಧ ಲೀಟರಿನ ಎರಡು ನೀರಿನ ಬಾಟಲಿ ಎತ್ತಿಳಿಸುವುದು, ಗುದ್ದುವ ಹಾಗೆ ಕೈ ಬೀಸುವುದು, ಸೊಂಟ ತಿರುಗಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಅಂಗವಿಕಲರ ಬಗ್ಗೆಯೂ ಬೇರೆಯಾಗಿ ಬರೆದಿದೆ ಎಂದಳು. ವಾರಕ್ಕೆ 150 ನಿಮಿಷ ಗುರಿ, ಆಗದಿದ್ದರೆ ಆದಷ್ಟು, ಐದು ನಿಮಿಷವೂ ಲೆಕ್ಕಕ್ಕಿದೆ. ಈಗ ಎರಡು ಬ್ಲೌಸ್ ಮುಗಿದ ಮೇಲೆ ಐದು ನಿಮಿಷ ಬಾಟಲಿ ಎತ್ತುತ್ತೇನೆ. ಗಿರಾಕಿಗಳು ನಗುತ್ತಾರೆ. ಇಬ್ಬರು ತಾವೂ ಶುರು ಮಾಡಿದ್ದಾರೆ.

ಇಷ್ಟನ್ನು ಕಲಿಸಲು ಏನು ದೊಡ್ಡ ಖರ್ಚು? ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಹಾಗೆ ಬಂದವರು ಕುರ್ಚಿ ವ್ಯಾಯಾಮವನ್ನೂ ಹತ್ತು ನಿಮಿಷ ತೋರಿಸಿ ಹೋಗಲಿ. ಹಳ್ಳಿಗಳಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರಿಗೂ ಕಲಿಸಬಹುದು. ಹಾಸನದಲ್ಲಿ ಹುಟ್ಟಿದ ಸುಹಾಸ್ ಯತಿರಾಜ್ ಅಂಗವಿಕಲರ ಒಲಿಂಪಿಕ್ಸ್ ಆದ ಪ್ಯಾರಾಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ಆಡಿ ಬೆಳ್ಳಿ ಗೆದ್ದಾಗ ನಾನೂ ಟಿವಿ ಮುಂದೆ ಚಪ್ಪಾಳೆ ತಟ್ಟಿದೆ. ಆದರೆ ನನಗೆ ಪದಕ ಬೇಡ, ಶುಗರ್ ಇಳಿದರೆ ಸಾಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕ್ರೀಡೆ, ಮನರಂಜನೆ ನಮಗೂ ಸಿಗಬೇಕು ಎಂದಿದೆ. ಪದಕ ಗೆಲ್ಲುವವರಿಗೆ ಮಾತ್ರ ಎಂದಿಲ್ಲ.

ಬಾಟಲಿ ಎತ್ತುವುದು ಸರಿ, ಆದರೂ ಮನೆಯೊಳಗೇ ಕೂತು ಬೇಜಾರು. ನಾಲ್ಕು ಜನರ ಜೊತೆ ಮರದ ಕೆಳಗೆ ಕೂತು ಮಾಡುವ ಆಸೆ ನನಗೂ ಇದೆ. ಗೇಟು ಬದಲಾಯಿಸುವ ಟೆಂಡರ್ ಯಾವಾಗ ಆಗುತ್ತದೋ ಆಗಲಿ. ಅಲ್ಲಿಯ ತನಕ ಬೆಳಿಗ್ಗೆ ಆರಕ್ಕೆ ಆ ದೊಡ್ಡ ಗೇಟಿನ ಬೀಗ ತೆಗೆಸಿ. ಆರೂವರೆಗೆ ಬರುತ್ತೇನೆ, ಬಾಟಲಿ ನಾನೇ ತರುತ್ತೇನೆ.

— ಒಬ್ಬ ಓದುಗಿ, ದಾವಣಗೆರೆ ಜಿಲ್ಲೆ